ಹಳೆಯ ಲಾರಿಯ ಕ್ಲಚ್ಚು: ಗೇರ್ ಬಾಕ್ಸು ಇಳಿಸುವ ಮುಂಚೆ

ಕೊನೆ ಕೊಯ್ಲಿನ ಕಾಲದಲ್ಲಿ ಲಾರಿ ಕೆಟ್ಟು ನಿಂತರೆ ಆಗುವ ಫಜೀತಿಯನ್ನು ಸದಸ್ಯ ಬಾಂಧವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಸುಲಿಯುವವರು ಬಂದು ಕೂತಿರುತ್ತಾರೆ, ಒಲೆ ಹೊತ್ತಿರುತ್ತದೆ, ಕೊನೆ ಮಾತ್ರ ತೋಟದ ದಾರಿಯಲ್ಲೇ ಇರುತ್ತದೆ. ತಾಳಗುಪ್ಪದಿಂದ ತೀರ್ಥಹಳ್ಳಿಯವರೆಗೆ ನಮ್ಮಲ್ಲಿ ಹಳೆಯ ಗಾಡಿ ಇಟ್ಟುಕೊಂಡವರು ಇದ್ದೇ ಇದ್ದಾರೆ. 1986ರಲ್ಲಿ ಬಂದ ಟಾಟಾ 407ರಂಥ ಗಾಡಿಗಳಲ್ಲಿ ಎಂಜಿನ್ನು ಗಟ್ಟಿಯಾಗಿದ್ದರೂ ಕ್ಲಚ್ಚು ಆಗಾಗ ಕೈಕೊಡುತ್ತದೆ.

ಒಂದು ವರ್ಷ ನಮ್ಮ ಗಾಡಿಗೂ ಹೀಗೇ ಆಯಿತು. ಗೊಬ್ಬರ ತುಂಬಿ ಏರು ಹತ್ತುವಾಗ ಎಂಜಿನ್ನು ಕೂಗುತ್ತಿತ್ತು, ಗಾಡಿ ಮುಂದಕ್ಕೆ ಹೋಗುತ್ತಿರಲಿಲ್ಲ. ಗ್ಯಾರೇಜಿನಲ್ಲಿ ಹೊಸ ಪ್ಲೇಟು ಹಾಕಿಸಿದೆವು. ಕೊಯ್ಲು ಮುಗಿಯುವುದರೊಳಗೆ ಮತ್ತೆ ಅದೇ ಕಥೆ. ಎರಡನೆಯ ಸಲ ಬಿಚ್ಚಿದಾಗ ತಿಳಿಯಿತು, ಎಂಜಿನ್ನಿನ ಹಿಂಭಾಗದ ಆಯಿಲ್ ಸೀಲು ಸೋರಿ ಹೊಸ ಪ್ಲೇಟು ಎಣ್ಣೆಯಲ್ಲಿ ನೆಂದಿತ್ತು. ಸೀಲಿನ ಬೆಲೆ ಅಲ್ಪ. ಎರಡು ಸಲ ಗೇರ್ ಬಾಕ್ಸು ಇಳಿಸಿದ ಕೂಲಿಯೇ ಹೆಚ್ಚು. ಹಳೆಯ ಪ್ಲೇಟನ್ನು ಮೊದಲ ಸಲವೇ ಕೈಯಲ್ಲಿ ಹಿಡಿದು ನೋಡದೆ ಹೋದದ್ದು ನಮ್ಮದೇ ತಪ್ಪು.

ಕ್ಲಚ್ಚು ಎಂದರೆ ಫ್ಲೈವೀಲು ಮತ್ತು ಪ್ರೆಶರ್ ಪ್ಲೇಟುಗಳ ನಡುವೆ ಸ್ಪ್ರಿಂಗಿನ ಬಲದಿಂದ ಒತ್ತಿ ಹಿಡಿದ ಒಂದು ತಟ್ಟೆ. ಎರಡು ಅಂಗೈಗಳ ನಡುವೆ ಒಣ ಅಡಿಕೆ ನಿಲ್ಲುತ್ತದೆ, ಚೊಗರು ಮೆತ್ತಿದ ಅಡಿಕೆ ಜಾರುತ್ತದೆ. ಇಲ್ಲಿಯೂ ಅಷ್ಟೇ. ಲೈನಿಂಗು ಸವೆದರೂ ಜಾರುತ್ತದೆ, ಎಣ್ಣೆ ತಗುಲಿದರೂ ಜಾರುತ್ತದೆ, ಸ್ಪ್ರಿಂಗು ಸೋತರೂ ಜಾರುತ್ತದೆ. ಪೆಡಲಿನಲ್ಲಿ ಆಟವೇ ಇಲ್ಲದೆ ಹೋದರೂ ಜಾರುತ್ತದೆ. ಈ ಕೊನೆಯದಕ್ಕೆ ಸ್ಪ್ಯಾನರು ಮಾತ್ರ ಸಾಕು. ಆದ್ದರಿಂದ ಮೊದಲು ಅದನ್ನೇ ನೋಡಬೇಕು.

ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿರಿ. ಬಿಗಿ ಸಿಗುವ ಮುಂಚೆ ಸ್ವಲ್ಪ ದೂರ ಅದು ಸಲೀಸಾಗಿ ಹೋಗಬೇಕು. ಅನೇಕ ಹಳೆಯ ಗಾಡಿಗಳಲ್ಲಿ ಇದು ಸುಮಾರು ಒಂದು ಅಂಗುಲ. ಸರಿಯಾದ ಅಳತೆ ಗಾಡಿಯ ಕೈಪಿಡಿಯಲ್ಲಿರುತ್ತದೆ. ಲೈನಿಂಗು ಸವೆದಂತೆಲ್ಲ ಈ ಆಟ ಕಡಿಮೆಯಾಗುತ್ತ ಬರುತ್ತದೆ. ಪೂರಾ ಹೋದರೆ ರಿಲೀಸ್ ಬೇರಿಂಗು ಸದಾ ಒತ್ತಿಕೊಂಡೇ ಇದ್ದು, ಕಾಲು ಇಡದಿದ್ದರೂ ಪೆಡಲು ಅರ್ಧ ತುಳಿದಂತೆಯೇ ಸರಿ. ಪೆಡಲಿನ ಮೇಲೆ ಎಡಗಾಲು ಇಟ್ಟುಕೊಂಡೇ ಗಾಡಿ ಓಡಿಸುವವರು ಮಾಡುವುದೂ ಇದನ್ನೇ.

ಆಟ ಸರಿಯಿದ್ದೂ ಅನುಮಾನ ಉಳಿದರೆ ಹೀಗೆ ಪರೀಕ್ಷಿಸಿರಿ. ಸಮತಟ್ಟಾದ ಜಾಗದಲ್ಲಿ ಗಾಲಿಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕು ಎಳೆದು, ಮುಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ಎಂಜಿನ್ನು ನಡೆಯುತ್ತಿರುವಾಗ ಮೇಲಿನ ಗೇರು ಹಾಕಿ ಪೆಡಲನ್ನು ನಿಧಾನವಾಗಿ ಬಿಡಿರಿ. ಎಂಜಿನ್ನು ತಕ್ಷಣ ನಿಂತರೆ ಕ್ಲಚ್ಚು ಹಿಡಿಯುತ್ತಿದೆ. ಪೆಡಲು ಪೂರಾ ಬಿಟ್ಟರೂ ಎಂಜಿನ್ನು ನಡೆಯುತ್ತಲೇ ಇದ್ದರೆ ಜಾರುತ್ತಿದೆ. ಒಂದು ಸಲ ಸಾಕು. ಪದೇ ಪದೇ ಮಾಡಿದರೆ ಇದ್ದ ಲೈನಿಂಗೂ ಸುಡುತ್ತದೆ.

ಗೇರು ಬೀಳುವಾಗ ಕರಕರ ಎನ್ನುವುದು ಬೇರೆಯೇ ರೋಗ. ಅಲ್ಲಿ ಕ್ಲಚ್ಚು ಪೂರಾ ಬಿಡುತ್ತಿಲ್ಲ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಕ್ಲಚ್ಚಾದರೆ ಪೆಡಲನ್ನು ಎರಡು ಮೂರು ಸಲ ತುಳಿದು ನೋಡಿರಿ. ಆಗ ಗೇರು ಸಲೀಸಾಗಿ ಬಿದ್ದರೆ ಗಾಳಿ ಸೇರಿದೆ, ಇಲ್ಲವೇ ಸಿಲಿಂಡರು ಸೋರುತ್ತಿದೆ; ಪ್ಲೇಟಿನ ತಂಟೆಗೆ ಹೋಗಬೇಡಿರಿ. ಕೆಳಗಿನ ಸಿಲಿಂಡರಿನ ರಬ್ಬರು ಟೋಪಿ ಎತ್ತಿದರೆ ಪಸೆ ಕಾಣುತ್ತದೆ. ಬ್ರೇಕ್ ಆಯಿಲು ಸಿಗಲಿಲ್ಲವೆಂದು ಎಂಜಿನ್ ಆಯಿಲು ಸುರಿದರೆ ಒಳಗಿನ ರಬ್ಬರೆಲ್ಲ ಊದಿ ಹಾಳಾಗುತ್ತದೆ.

ಸದ್ದಿನ ವಿಷಯ ಬಹಳವಿಲ್ಲ. ಪೆಡಲು ತುಳಿದಾಗ ಕಿರುಗುಟ್ಟಿದರೆ ಹೆಚ್ಚಾಗಿ ರಿಲೀಸ್ ಬೇರಿಂಗು. ತುಳಿದಾಗ ನಿಂತು ಬಿಟ್ಟಾಗ ಬಂದರೆ ಗೇರ್ ಬಾಕ್ಸಿನ ಬೇರಿಂಗು.

ನಮ್ಮ ಮಳೆ ಸೀಮೆಗೇ ಸೇರಿದ ಇನ್ನೊಂದು ತೊಂದರೆ ಇದೆ. ಮಳೆಗಾಲವಿಡೀ ಸೋಗೆ ಮಾಡಿನ ಕೆಳಗೆ ನಿಂತ ಗಾಡಿಯಲ್ಲಿ ಪ್ಲೇಟು ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ. ಪೆಡಲು ಸರಿಯಾಗಿಯೇ ಇಳಿಯುತ್ತದೆ, ಗೇರು ಮಾತ್ರ ಬೀಳುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಅಂಗಳದಲ್ಲಾದರೂ ನಾಲ್ಕು ಮಾರು ಓಡಿಸುತ್ತಿದ್ದರೆ ಹೀಗಾಗುವುದು ಅಪರೂಪ. ಸರಳಿನಿಂದ ನಡೆಯುವ ಕ್ಲಚ್ಚಾದರೆ ಪೆಡಲನ್ನು ಒತ್ತಿ ಮರದ ತುಂಡು ಸಿಕ್ಕಿಸಿ ಇಡುವುದೂ ಉಂಟು. ಅಂಟಿದ್ದನ್ನು ಬಿಡಿಸಲು ಗೇರಿನಲ್ಲೇ ಸ್ಟಾರ್ಟು ಮಾಡಿ ಜಗ್ಗಿಸುವವರಿದ್ದಾರೆ. ಬಾವಿ, ಧರೆ, ಮಕ್ಕಳು ಇರುವ ನಮ್ಮ ಅಂಗಳಗಳಲ್ಲಿ ಅದು ಬೇಡ. ತಿಳಿದ ಮೇಸ್ತ್ರಿಯನ್ನು ಕರೆಸಿರಿ.

ಜಾರುವ ಕ್ಲಚ್ಚಿನಲ್ಲಿ ಹೇಗೋ ಒಂದು ಲೋಡು ಸಾಗಿಸೋಣವೆಂದು ಮಾವಿನಗುಂಡಿಯಿಂದ ಗೇರುಸೊಪ್ಪೆಗೆ ಇಳಿಯುವುದಾಗಲಿ, ಹುಲಿಕಲ್ ಘಾಟಿಗೆ ಹೋಗುವುದಾಗಲಿ ಕೂಡದು. ಏರಿನಲ್ಲಿ ಗಾಡಿ ನಿಂತೀತು, ಅಷ್ಟೇ. ಇಳಿಜಾರಿನಲ್ಲಿ ಎಂಜಿನ್ನು ಗಾಡಿಯನ್ನು ಹಿಡಿಯುವುದು ಕ್ಲಚ್ಚಿನ ಮೂಲಕವೇ. ಅದು ಜಾರಿದರೆ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಬ್ರೇಕು ಕಾದು ಹಿಡಿಯದೆ ಹೋಗುತ್ತದೆ.

ಗೇರ್ ಬಾಕ್ಸು ಇಳಿಸಲೇಬೇಕಾದರೆ ಹತ್ತಿರ ನಿಂತು ಹಳೆಯ ಪ್ಲೇಟನ್ನು ಕೇಳಿ ನೋಡಿರಿ. ಒಣಗಿದ್ದು ರಿವೆಟಿನವರೆಗೆ ಸವೆದಿದ್ದರೆ ಅದು ಸಹಜ ಸವಕಳಿ. ಕಪ್ಪಗೆ ಜಿಡ್ಡಾಗಿ ಹೊಳೆಯುತ್ತಿದ್ದರೆ ಎಣ್ಣೆ ಎಲ್ಲಿಂದ ಬಂತೆಂದು ಹುಡುಕಿ ಸೀಲು ಹಾಕಿಸಿದ ಮೇಲೆಯೇ ಹೊಸ ಪ್ಲೇಟು. ಫ್ಲೈವೀಲಿನ ಮುಖದಲ್ಲಿ ಬಿರುಕು, ನೀಲಿ ಕಲೆ ಇವೆಯೇ ಎಂದೂ ನೋಡಿರಿ. ಒಳಗಿನ ಧೂಳನ್ನು ಬಾಯಿಂದಾಗಲಿ ಗಾಳಿ ಪಂಪಿನಿಂದಾಗಲಿ ಊದಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಒದ್ದೆಯಾಗಿರುವಾಗಲೇ ಚೀಲದಲ್ಲಿ ಕಟ್ಟಿಡಿರಿ.