ಎಲೆಕ್ಟ್ರಾನ್ ವಿವರ್ತನ ಚಿತ್ರವನ್ನು ಲೆಕ್ಕದಿಂದ ರಚಿಸುವ ಬಗೆ

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಳುವಾದ ಸ್ಫಟಿಕವೊಂದನ್ನಿಟ್ಟು ಅದರ ಮೂಲಕ ಎಲೆಕ್ಟ್ರಾನುಗಳನ್ನು ಹಾಯಿಸಿದರೆ, ರಂಗೋಲಿಗೆಂದು ಇಟ್ಟ ಚುಕ್ಕಿಗಳಂತೆ ಕ್ರಮಬದ್ಧವಾದ ಚುಕ್ಕಿಗಳು ತೆರೆಯ ಮೇಲೆ ಮೂಡುವುವು. ಇದೇ ವಿವರ್ತನ ಚಿತ್ರ. ಇದರಲ್ಲಿ ಪರಮಾಣುಗಳು ಕಾಣುವುದಿಲ್ಲ. ಅವುಗಳ ಜೋಡಣೆಯ ಸುಳಿವು ಮಾತ್ರ ದೊರೆಯುತ್ತದೆ. ಆದುದರಿಂದ ವಿಜ್ಞಾನಿಗಳು ಮೊದಲು ಒಂದು ಜೋಡಣೆಯನ್ನು ಊಹಿಸಿ, ಅದು ಕೊಡಬೇಕಾದ ಚಿತ್ರವನ್ನು ಲೆಕ್ಕದಿಂದ ರಚಿಸಿ, ಪ್ರಯೋಗದ ಚಿತ್ರದೊಡನೆ ಹೋಲಿಸುವರು. ಈ ಲೆಕ್ಕದ ಬಗೆಯನ್ನು ನಾವೀಗ ವಿಚಾರಮಾಡೋಣ.

ಚಲಿಸುವ ಕಣಕ್ಕೆ ತರಂಗಗುಣವುಂಟೆಂದು ಫ್ರಾನ್ಸಿನ ಲೂಯಿ ಡಿ ಬ್ರಾಗ್ಲಿ 1924ರಲ್ಲಿ ಪ್ರತಿಪಾದಿಸಿದರು. 1927ರಲ್ಲಿ ಅಮೆರಿಕದ ಡೇವಿಸನ್ ಮತ್ತು ಜರ್ಮರ್ ನಿಕಲ್ ಸ್ಫಟಿಕದಿಂದಲೂ, ಬ್ರಿಟನ್ನಿನ ಜಿ. ಪಿ. ಥಾಮ್ಸನ್ ತೆಳುಹಾಳೆಗಳಿಂದಲೂ ಇದನ್ನು ಸಿದ್ಧಪಡಿಸಿದರು. 2,00,000 ವೋಲ್ಟುಗಳಿಂದ ವೇಗಗೊಂಡ ಎಲೆಕ್ಟ್ರಾನಿನ ತರಂಗದೂರ 0.0251 ಆಂಗ್‌ಸ್ಟ್ರಾಮ್. ಆಂಗ್‌ಸ್ಟ್ರಾಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು.

ಅಲ್ಯೂಮಿನಿಯಮ್ಮನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದರ ಪರಮಾಣುಗಳು ಘನದ ಮೂಲೆಗಳಲ್ಲಿಯೂ ಮುಖಗಳ ನಡುವೆಯೂ ಇವೆ. ಘನದ ಅಂಚು 4.05 ಆಂಗ್‌ಸ್ಟ್ರಾಮ್. ಪರಮಾಣುಗಳ ಪದರಗಳನ್ನು ಮೂರು ಪೂರ್ಣಾಂಕಗಳಿಂದ ಸೂಚಿಸುವುದು ವಾಡಿಕೆ. ಆ ಅಂಕಗಳ ವರ್ಗಗಳನ್ನು ಕೂಡಿ, ವರ್ಗಮೂಲ ತೆಗೆದು, ಅದರಿಂದ ಅಂಚನ್ನು ಭಾಗಿಸಿದರೆ ಪದರಗಳ ಅಂತರ ಬರುತ್ತದೆ. 2, 0, 0 ಪದರಗಳಿಗೆ ಇದು 2.025 ಆಂಗ್‌ಸ್ಟ್ರಾಮ್. ತರಂಗದೂರವನ್ನು ಈ ಅಂತರದಿಂದ ಭಾಗಿಸಿ, ಸ್ಫಟಿಕಕ್ಕೂ ತೆರೆಗೂ ಇರುವ ದೂರದಿಂದ ಗುಣಿಸಿದರೆ ಚುಕ್ಕಿಯ ಸ್ಥಾನ ತಿಳಿಯುವುದು. ಆ ದೂರ 1000 ಮಿಲಿಮೀಟರ್ ಆದರೆ, ಚುಕ್ಕಿಯು ನಡುವಿನಿಂದ 12.4 ಮಿಲಿಮೀಟರ್ ದೂರದಲ್ಲಿರುತ್ತದೆ.

ಆದರೆ ಎಲ್ಲ ಪದರಗಳೂ ಚುಕ್ಕಿಯನ್ನು ಕೊಡುವುದಿಲ್ಲ. 1, 0, 0 ಪದರಗಳ ಅಲೆಗಳನ್ನು ಅವುಗಳ ನಟ್ಟನಡುವಿನ ಪರಮಾಣುಗಳ ಅಲೆಗಳು ಅಳಿಸಿಬಿಡುತ್ತವೆ. ಮೂರು ಅಂಕಗಳೂ ಬೆಸವಾಗಿರಬೇಕು, ಇಲ್ಲವೆ ಮೂರೂ ಸಮವಾಗಿರಬೇಕು. ಇದು ಇಲ್ಲಿಯ ನಿಯಮ.

ಸಿಲಿಕಾನಿನಲ್ಲಿ ಇದೇ ಬಗೆಯ ಎರಡು ಗುಂಪುಗಳು, ಘನದ ಕರ್ಣದ ಕಾಲುಭಾಗದಷ್ಟು ಸರಿದು, ಒಂದರೊಳಗೊಂದು ಹೆಣೆದುಕೊಂಡಿವೆ. ಒಂದರ ಅಲೆ ಇನ್ನೊಂದರ ಅಲೆಯನ್ನು ಅಳಿಸುವುದರಿಂದ ಲೆಕ್ಕದಂತೆ 2, 0, 0 ಚುಕ್ಕಿ ಇರಕೂಡದು. ಆದರೂ ಕಿರಣವು ಘನದ ಮುಖದ ಕರ್ಣದ ದಿಕ್ಕಿನಲ್ಲಿ ಸಾಗಿದಾಗ ಅದು ಚಿತ್ರದಲ್ಲಿ ಕಾಣಿಸಿಕೊಳ್ಳುತ್ತದೆ! ಹಾಗಾದರೆ ನಾವು ಊಹಿಸಿದ ಜೋಡಣೆ ತಪ್ಪೇ? ಅಲ್ಲ. ಎಲೆಕ್ಟ್ರಾನುಗಳು ಪರಮಾಣುಗಳೊಡನೆ ಬಹು ಪ್ರಬಲವಾಗಿ ವರ್ತಿಸುವುದರಿಂದ, ಒಮ್ಮೆ ಬಾಗಿದ ಅಲೆ ಸ್ಫಟಿಕದೊಳಗೇ ಮತ್ತೊಮ್ಮೆ ಬಾಗಬಲ್ಲದು. 1, 1, 1 ಪದರಗಳಿಂದ ಬಾಗಿದ ಅಲೆ 1, −1, −1 ಪದರಗಳಿಂದ ಮತ್ತೆ ಬಾಗಿದರೆ, ಅಂಕಗಳ ಮೊತ್ತವಾದ 2, 0, 0 ಸ್ಥಾನಕ್ಕೇ ಬಂದು ಸೇರುತ್ತದೆ. ಇದನ್ನು ಅರಿಯದವನು ಇಲ್ಲದ ರಚನೆಯೊಂದನ್ನು ಕಂಡುಹಿಡಿದೆನೆಂದು ಭ್ರಮಿಸಬಹುದು.

ಇಂತಹ ಪುನರ್ವಿವರ್ತನೆಯನ್ನು ಒಳಗೊಂಡ ಸಿದ್ಧಾಂತವನ್ನು ಬೆಥೆ 1928ರಲ್ಲಿ ನಿರೂಪಿಸಿದರು. ಆಸ್ಟ್ರೇಲಿಯದ ಕೌಲಿ ಮತ್ತು ಮೂಡಿ 1957ರಲ್ಲಿ ಇನ್ನೊಂದು ಉಪಾಯವನ್ನು ಸೂಚಿಸಿದರು. ಸ್ಫಟಿಕವನ್ನು ತೆಳುವಾದ ಹೋಳುಗಳೆಂದು ಭಾವಿಸಿ, ಪ್ರತಿಯೊಂದು ಹೋಳಿನಲ್ಲಿ ಅಲೆಗಾಗುವ ಬದಲಾವಣೆಯನ್ನು ಲೆಕ್ಕಹಾಕಿ, ಬಂದ ಫಲವನ್ನು ಮುಂದಿನ ಹೋಳಿಗೆ ಒಪ್ಪಿಸುತ್ತ ಹೋಗುವುದೇ ಆ ಉಪಾಯ. ಗಣಕಯಂತ್ರಕ್ಕೆ ಇದು ತಕ್ಕ ಕೆಲಸ.

ಚಿನ್ನದ ಜೋಡಣೆಯೂ ಅಲ್ಯೂಮಿನಿಯಮ್ಮಿನಂತೆಯೇ, ಅಂಚು 4.08 ಆಂಗ್‌ಸ್ಟ್ರಾಮ್. ಅದರ 2, 0, 0 ಚುಕ್ಕಿಯ ಸ್ಥಾನವನ್ನು ವಾಚಕರು ತಾವೇ ಗುಣಿಸಿ ನೋಡಲಿ. ಎರಡು ಲೋಹಗಳನ್ನು ಚುಕ್ಕಿಗಳ ಸ್ಥಾನದಿಂದಲೇ ಬೇರ್ಪಡಿಸುವುದು ಎಷ್ಟು ಕಷ್ಟವೆಂಬುದೂ, ಚುಕ್ಕಿಗಳ ಪ್ರಕಾಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದುದೇಕೆಂಬುದೂ ಆಗ ಸ್ಪಷ್ಟವಾಗುವುದು.