ಬಿತ್ತುವ ಬೀಜ, ಉಣ್ಣುವ ಕಾಳು
(ದುರ್ಗಮ ಮಾರ್ಗದ ವಾಹನಗಳಲ್ಲಿ ಎರಡು ಬ್ಯಾಟರಿಗಳ ವಿದ್ಯುತ್ ವ್ಯವಸ್ಥೆ)

ಸುಗ್ಗಿ ಮುಗಿದೊಡನೆ ಧಾನ್ಯವನ್ನು ಎರಡು ಪಾಲಾಗಿ ವಿಂಗಡಿಸುವುದು ನಮ್ಮ ಒಕ್ಕಲು ಮನೆತನಗಳಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಒಂದು ಉಣ್ಣುವ ಕಾಳು. ಇನ್ನೊಂದು ಬಿತ್ತುವ ಬೀಜ. ಹಗೇವಿನ ಕಾಳು ತೀರುತ್ತ ಬಂದರೂ ಜಾಣನಾದ ಒಕ್ಕಲಿಗನು ಬೀಜದ ಗಡಿಗೆಗೆ ಕೈ ಹಾಕನು. ಇಂದಿನ ಹಸಿವೆಗೆ ಬೀಜವನ್ನು ಉಂಡವನಿಗೆ ನಾಳಿನ ಬೆಳೆ ಇಲ್ಲ. ಕಾಡು, ಮರಳುಗಾಡು, ಬೆಟ್ಟದ ದಾರಿಗಳಲ್ಲಿ ಸಂಚರಿಸುವ ವಾಹನಕ್ಕೆ ಎರಡು ಬ್ಯಾಟರಿಗಳನ್ನು ಅಳವಡಿಸುವುದರ ಹಿಂದಿರುವ ತತ್ತ್ವವೂ ಇದೇ ಆಗಿದೆ.

ಹಿನ್ನೆಲೆ

ಮತ್ತೆ ಮತ್ತೆ ವಿದ್ಯುತ್ತನ್ನು ತುಂಬಿಸಬಹುದಾದ ಸೀಸ-ಆಮ್ಲ ಕೋಶವನ್ನು ಫ್ರಾನ್ಸ್ ದೇಶದ ಗಾಸ್ತೋಂ ಪ್ಲಾಂಟೆ 1859ರಲ್ಲಿ ನಿರ್ಮಿಸಿದನು. ಮೋಟಾರು ಗಾಡಿಗಳ ಎಂಜಿನ್ನನ್ನು ಮೊದಮೊದಲು ಕೈಹಿಡಿಕೆ ತಿರುಗಿಸಿಯೇ ಹೊರಡಿಸುತ್ತಿದ್ದರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಆ ಶ್ರಮ ತಪ್ಪಿತು. ಆದರೆ ವಾಹನದ ಪ್ರಾಣವು ಬ್ಯಾಟರಿಯ ಅಧೀನವಾಯಿತು. ಹಳೆಯ ಜೀಪುಗಳಲ್ಲಿ ಆಪತ್ಕಾಲಕ್ಕೆ ಕೈಹಿಡಿಕೆಯಾದರೂ ಉಳಿದಿತ್ತು. ಇಂದಿನ ವಾಹನಗಳಲ್ಲಿ ಅದಿಲ್ಲ. ಸ್ವಯಂಚಾಲಿತ ಗೇರಿನ ವಾಹನವಾದರೆ ತಳ್ಳಿ ಹೊರಡಿಸುವ ಉಪಾಯವೂ ಸಾಗದು.

ಈ ಸ್ಥಿತಿಯ ಗಂಭೀರತೆ ಆಸ್ಟ್ರೇಲಿಯದ ಒಳನಾಡಿನಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ. ಅಲ್ಲಿಯ ಸಿಂಪ್ಸನ್ ಮರಳುಗಾಡಿನಲ್ಲಿ ಸಾವಿರಕ್ಕೂ ಮಿಕ್ಕ ಮರಳಿನ ದಿಬ್ಬಗಳು ಸಾಲುಗಟ್ಟಿವೆ. ಅವನ್ನು ದಾಟುವವರು ಬರ್ಡ್ಸ್‌ವಿಲ್ ಎಂಬ ಪುಟ್ಟ ಊರನ್ನು ಮುಟ್ಟುವವರೆಗೆ ದಾರಿಯಲ್ಲಿ ಊರಿಲ್ಲ, ನೆರವಿಲ್ಲ. ಇಂಥಲ್ಲಿ ಶೀತಪೆಟ್ಟಿಗೆ, ದೀಪ, ರೇಡಿಯೊಗಳು ರಾತ್ರಿಯೆಲ್ಲ ಒಂದೇ ಬ್ಯಾಟರಿಯನ್ನು ಹೀರಿದರೆ ಬೆಳಗಾಗುವಾಗ ಎಂಜಿನ್ ಮಿಸುಕದು. ನಗರದಲ್ಲಿ ಇದು ಕೇವಲ ತೊಂದರೆ. ಅಲ್ಲಿ ಇದು ಪ್ರಾಣಸಂಕಟ. ಎರಡು ಬ್ಯಾಟರಿಗಳ ಪದ್ಧತಿ ಆ ದೇಶದಲ್ಲಿ ಬಹುವಾಗಿ ರೂಢವಾಗಿರುವುದಕ್ಕೆ ಇದೇ ಕಾರಣ.

ಎರಡು ಬ್ಯಾಟರಿಗಳ ಸ್ವಭಾವ

ಎರಡೂ 12 ವೋಲ್ಟಿನವೇ ಆದರೂ ಅವುಗಳ ಸ್ವಭಾವ ಭಿನ್ನ. ಎಂಜಿನ್ ಹೊರಡಿಸುವ ಬ್ಯಾಟರಿಯಲ್ಲಿ ತೆಳುವಾದ ಫಲಕಗಳು ಹೆಚ್ಚು. ಕೆಲವೇ ಕ್ಷಣ ನೂರಾರು ಆಂಪಿಯರ್ ಪ್ರವಾಹವನ್ನು ಕೊಡುವುದು ಅದರ ಧರ್ಮ. ಬಹುಪಾಲು ಬರಿದಾಗುವುದನ್ನು ಅದು ತಾಳದು. ಎರಡನೆಯದರಲ್ಲಿ ಫಲಕಗಳು ದಪ್ಪ. ಅದು ಅಲ್ಪ ಪ್ರವಾಹವನ್ನು ಬಹುಕಾಲ ಕೊಡುತ್ತ, ಬರಿದಾಗಿ ಮತ್ತೆ ತುಂಬಿಕೊಳ್ಳಬಲ್ಲುದು. ಮೊದಲನೆಯದು ಬೀಜ, ಎರಡನೆಯದು ಕಾಳು.

ಇಲ್ಲೊಂದು ಭೇದವನ್ನು ಗಮನಿಸತಕ್ಕದ್ದು. 1950ರ ಸುಮಾರಿಗೆ ಅಮೆರಿಕದ ಸೈನ್ಯಕ್ಕೆ ಬಂದ ಎಂ-38 ಜೀಪಿನಲ್ಲಿಯೂ ಎರಡು ಬ್ಯಾಟರಿಗಳಿದ್ದವು. ಅವು ಸರಣಿಯಲ್ಲಿ ಸೇರಿ 24 ವೋಲ್ಟ್ ಕೊಡುತ್ತಿದ್ದವು. ಪ್ರಸ್ತುತ ವ್ಯವಸ್ಥೆ ಹಾಗಲ್ಲ. ಇಲ್ಲಿ ಎರಡೂ ಸಮಾಂತರವಾಗಿ ಸೇರುತ್ತವೆ. ಅದೂ ಎಂಜಿನ್ ಓಡುವಾಗ ಮಾತ್ರ. ಎಂಜಿನ್ ನಿಂತೊಡನೆ ಅವು ಬೇರೆಯಾಗಬೇಕು.

ಕೂಡಿಸಿ ಬಿಡಿಸುವ ಸಾಧನ

ಈ ಕಾರ್ಯವನ್ನು ವೋಲ್ಟೇಜನ್ನು ಗುರುತಿಸುವ ರಿಲೇ ಮಾಡುತ್ತದೆ. ಇದರ ಕ್ರಮವನ್ನು ನಮ್ಮ ನಾಡಿನ ಸಾಲುಕೆರೆಗಳಿಂದ ತಿಳಿಯಬಹುದು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದಾಗಲೇ ಕೆಳಗಿನ ಕೆರೆಗೆ ನೀರು. ಕೆಳಗಿನ ಕೆರೆ ಬತ್ತಿತೆಂದು ಮೇಲಿನದು ಬರಿದಾಗುವುದಿಲ್ಲ. ವಿಶ್ರಾಂತ ಸ್ಥಿತಿಯಲ್ಲಿ ಪೂರ್ಣ ತುಂಬಿದ ಸೀಸದ ಬ್ಯಾಟರಿಯ ವೋಲ್ಟೇಜು ಸುಮಾರು 12.6; ಎಂಜಿನ್ ಓಡಿ ಆಲ್ಟರ್ನೇಟರ್ ತುಂಬಿಸತೊಡಗಿದಾಗ 13.8ರಿಂದ 14.4. ರಿಲೇಯು ಸಾಮಾನ್ಯವಾಗಿ 13.3 ವೋಲ್ಟಿನ ಸುಮಾರಿಗೆ ಎರಡನ್ನೂ ಕೂಡಿಸಿ, 12.8ರ ಸುಮಾರಿಗೆ ಇಳಿದಾಗ ಬಿಡಿಸುತ್ತದೆ.

ಇತ್ತೀಚಿನ ಅನೇಕ ವಾಹನಗಳಲ್ಲಿ ಇಂಧನದ ಉಳಿತಾಯಕ್ಕಾಗಿ ಆಲ್ಟರ್ನೇಟರಿನ ವೋಲ್ಟೇಜನ್ನು ಗಣಕಯಂತ್ರವೇ ಏರಿಳಿಸುತ್ತದೆ. ಅಂಥಲ್ಲಿ ಈ ರಿಲೇ ನೆಚ್ಚಿಕೆಗೆ ಸಾಲದು; ಡಿ.ಸಿ.-ಡಿ.ಸಿ. ಚಾರ್ಜರ್ ಬೇಕು. ಎರಡನೆಯದು ಲಿಥಿಯಂ ಬ್ಯಾಟರಿಯಾದರೂ ಇದೇ ನಿಯಮ. ಏಕೆಂದರೆ ಅದರ ಒಳರೋಧ ಬಹಳ ಅಲ್ಪ. ಅಂಕೆಯಿಲ್ಲದೆ ಜೋಡಿಸಿದರೆ ಮಿತಿಮೀರಿ ಪ್ರವಾಹವನ್ನೆಳೆದು ಆಲ್ಟರ್ನೇಟರನ್ನು ಕಾಯಿಸಿ ಕೆಡಿಸಬಲ್ಲುದು.

ಆಯವ್ಯಯದ ಲೆಕ್ಕ

ತಂತಿಯನ್ನು ಮುಟ್ಟುವ ಮೊದಲು ಲೆಕ್ಕ ಹಾಕಬೇಕು. ಎರಡನೆಯ ಬ್ಯಾಟರಿಯ ಧಾರಣಶಕ್ತಿ 100 ಆಂಪಿಯರ್-ಗಂಟೆ ಎಂದು ಭಾವಿಸೋಣ. ಸೀಸದ ಬ್ಯಾಟರಿ ಬಾಳಬೇಕಾದರೆ ಅರ್ಧವನ್ನಷ್ಟೇ ಬಳಸುವುದು ಲೇಸು. ಅಂದರೆ ಕೈಗೆ ಬರುವುದು 50. ಶೀತಪೆಟ್ಟಿಗೆ ಸರಾಸರಿ 2 ಆಂಪಿಯರ್ ಎಳೆದರೆ 24 ಗಂಟೆಗೆ 48 ಆಯಿತು. 10 ವಾಟಿನ ದೀಪವು 5 ಗಂಟೆ ಉರಿದರೆ ಸುಮಾರು 4. ಒಟ್ಟು 52. ಆದುದರಿಂದ ಈ ಸಂಗ್ರಹ ಒಂದು ಹಗಲಿರುಳಿಗೆ ಮಾತ್ರ ಸಾಕು. ಮರುದಿನ ಎಂಜಿನ್ ಓಡಬೇಕು, ಇಲ್ಲವೆ ಸೌರಫಲಕವಿರಬೇಕು.

ತಂತಿಯ ದಪ್ಪವೂ ಲೆಕ್ಕದಿಂದಲೇ ನಿಶ್ಚಯವಾಗತಕ್ಕದ್ದು. ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತವುಳ್ಳ ತಾಮ್ರದ ತಂತಿಯ ರೋಧ ಸುಮಾರು 0.0172 ಓಮ್. ವಾಹನದ ಹಿಂಬದಿಗೆ 5 ಮೀಟರ್ ಎಂದರೆ ಹೋಗಿಬರಲು 10 ಮೀಟರ್. 2.5 ಚದರ ಮಿಲಿಮೀಟರಿನ ತಂತಿಯಲ್ಲಿ 5 ಆಂಪಿಯರ್ ಹರಿದರೆ ಸುಮಾರು 0.34 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. 6 ಚದರ ಮಿಲಿಮೀಟರಿನದರಲ್ಲಿ 0.14 ಮಾತ್ರ. ತುಂಬಿದ ಬ್ಯಾಟರಿಗೂ ಅರ್ಧ ಬರಿದಾದುದಕ್ಕೂ ಇರುವ ಅಂತರವೇ ಅರ್ಧ ವೋಲ್ಟಿನಷ್ಟು. ಆದುದರಿಂದ ಈ ಸೋರಿಕೆಯನ್ನು ಅಲ್ಪವೆಂದು ಉಪೇಕ್ಷಿಸುವಂತಿಲ್ಲ. ಬ್ಯಾಟರಿ ತುಂಬಿದ್ದರೂ ಶೀತಪೆಟ್ಟಿಗೆಯು ಬರಿದೆಂದು ಬಗೆದು ನಿಂತುಹೋಗಲು ಇದು ಸಾಕು.

ರಕ್ಷಣೆಯ ನಿಯಮಗಳು

ವೋಲ್ಟೇಜು ಕಡಿಮೆಯಾದುದರಿಂದ ಅಪಾಯವಿಲ್ಲವೆಂಬುದು ಭ್ರಮೆ. 12 ವೋಲ್ಟು ಸಾಮಾನ್ಯವಾಗಿ ಮೈಗೆ ಆಘಾತ ಮಾಡದು. ಆದರೆ ಸಿಪ್ಪೆ ಸವೆದ ತಂತಿ ಲೋಹದ ಕವಚಕ್ಕೆ ತಾಗಿದರೆ ನೂರಾರು ಆಂಪಿಯರ್ ಹರಿದು, ತಂತಿ ಕೆಂಪಗೆ ಕಾದು, ವಾಹನಕ್ಕೇ ಬೆಂಕಿ ಹತ್ತಬಹುದು. ಫ್ಯೂಸು ರಕ್ಷಿಸುವುದು ಮುಖ್ಯವಾಗಿ ತಂತಿಯನ್ನು. ಆದುದರಿಂದ ಅದರ ಅಂಕ ತಂತಿ ತಾಳುವ ಪ್ರವಾಹಕ್ಕಿಂತ ಕಡಿಮೆಯಿರಬೇಕು; ಅದರ ಸ್ಥಾನ ಧನಾಗ್ರಕ್ಕೆ ಗೇಣಿನ ಒಳಗಿರಬೇಕು. ಎರಡು ಬ್ಯಾಟರಿಗಳ ನಡುವಣ ತಂತಿಗೆ ಎರಡು ತುದಿಗಳಲ್ಲಿಯೂ ಫ್ಯೂಸು ಅಗತ್ಯ. ಒಂದೇ ಫ್ಯೂಸು ಇದ್ದಲ್ಲಿ ಅದು ಕಡಿದರೂ ಇನ್ನೊಂದು ಬದಿಯ ಬ್ಯಾಟರಿ ಬೆಂಕಿಯನ್ನು ಉಣಿಸುತ್ತಲೇ ಇರುತ್ತದೆ.

ತಂತಿ ತಗಡನ್ನು ಹಾದುಹೋಗುವ ರಂಧ್ರಕ್ಕೆ ರಬ್ಬರಿನ ಬಳೆ ಇರಲಿ. ಚಾಸಿಗೆ ಋಣಾಗ್ರವನ್ನು ಜೋಡಿಸುವೆಡೆ ಬಣ್ಣವನ್ನು ಕೆರೆದು ಹೊಳೆಯುವ ಲೋಹ ಕಾಣುವಂತೆ ಮಾಡಿರಲಿ. 55 ವಾಟಿನ ಎರಡು ದೀಪಗಳು 9 ಆಂಪಿಯರಿಗೂ ಮಿಕ್ಕಿ ಎಳೆಯುವುದರಿಂದ ಅವಕ್ಕೆ ಪ್ರತ್ಯೇಕ ರಿಲೇ ಬೇಕು. ಸ್ವಿಚ್ಚು ರಿಲೇಯ ಸುರುಳಿಯನ್ನಷ್ಟೇ ಆಳಲಿ. ದ್ರವ ಆಮ್ಲದ ಬ್ಯಾಟರಿ ತುಂಬುವಾಗ ಜಲಜನಕವನ್ನು ಬಿಡುತ್ತದೆ. ಗಾಳಿಯಲ್ಲಿ ಆ ಅನಿಲ ನೂರಕ್ಕೆ 4ರಷ್ಟಾದರೆ ಕಿಡಿಯಿಂದ ಸಿಡಿಯಬಲ್ಲುದಾದ್ದರಿಂದ ಜನ ಕೂರುವ ಮುಚ್ಚಿದ ಜಾಗದಲ್ಲಿ ಅದನ್ನು ಇರಿಸಬಾರದು.

ಕೆಲಸಕ್ಕೆ ತೊಡಗುವಾಗ ಋಣಾಗ್ರವನ್ನು ಮೊದಲು ಬಿಚ್ಚಬೇಕು. ಮುಗಿಸುವಾಗ ಅದನ್ನು ಕಡೆಗೆ ಕಟ್ಟಬೇಕು. ಋಣಾಗ್ರ ಚಾಸಿಗೆ ಕೂಡಿರುವಾಗ ಧನಾಗ್ರವನ್ನು ಬಿಚ್ಚಲು ಹೋದರೆ ಸ್ಪ್ಯಾನರು ಅತ್ತ ಧನಾಗ್ರಕ್ಕೂ ಇತ್ತ ಕವಚಕ್ಕೂ ತಾಗಿ ಕಿಡಿಯೇಳುತ್ತದೆ. ‘ಋಣವನ್ನು ಮೊದಲು ಕಳೆ, ಋಣವನ್ನು ಕಡೆಗೆ ಕೊಳ್ಳು’ ಎಂದು ನೆನಪಿಟ್ಟರೆ ಕ್ರಮ ತಪ್ಪದು. ಸಂಸಾರಕ್ಕೂ ಇದು ಸಲ್ಲುವ ಮಾತೇ.

ಪರೀಕ್ಷೆ

ಜೋಡಣೆ ಮುಗಿದ ಮೇಲೆ ಮಲ್ಟಿಮೀಟರಿನಿಂದ ಅಳೆದಲ್ಲದೆ ನಂಬಬಾರದು. ಎಂಜಿನ್ ಓಡುವಾಗ ಎರಡರ ವೋಲ್ಟೇಜೂ ಒಟ್ಟಿಗೆ ಏರಬೇಕು. ಎಂಜಿನ್ ನಿಲ್ಲಿಸಿ, ರಿಲೇ ಬಿಟ್ಟುಕೊಂಡ ಬಳಿಕ, ಉಪಕರಣಗಳನ್ನು ಒಂದು ಗಂಟೆ ನಡೆಸಬೇಕು. ಆಗ ಎರಡನೆಯದರ ವೋಲ್ಟೇಜು ಇಳಿದು ಮೊದಲನೆಯದು ಕದಲದೆ ನಿಂತರೆ ಕೆಲಸ ಸರಿಯಾಯಿತೆಂದು ತಿಳಿಯಬೇಕು.

1827ರಲ್ಲಿ ಗೇಯಾರ್ಗ್ ಓಮ್ ಪ್ರಕಟಿಸಿದ ನಿಯಮವನ್ನು ತರಗತಿಯಲ್ಲಿ ಬಾಯಿಪಾಠ ಮಾಡುವ ಬಾಲಕನಿಗೆ ಅದು ಒಣ ಸೂತ್ರವಾಗಿ ತೋರಬಹುದು. ಅದೇ ಸೂತ್ರದಿಂದ ತಂತಿಯ ದಪ್ಪವನ್ನು ಅವನೇ ಕಂಡುಹಿಡಿಯುವಂತೆ ಮಾಡಿದರೆ, ಗುಣಾಕಾರದಲ್ಲಿ ತಪ್ಪಿದರೆ ನಿರ್ಜನ ಪ್ರದೇಶದಲ್ಲಿ ಒಂದು ಸಂಸಾರವೇ ಸಿಲುಕಿಕೊಳ್ಳಬಹುದೆಂಬ ಅರಿವು ಅವನಿಗೆ ತಾನಾಗಿ ಮೂಡುತ್ತದೆ. ಸೂತ್ರಕ್ಕೆ ಹೊಣೆಗಾರಿಕೆ ಕೂಡಿದಾಗಲೇ ಅದು ವಿದ್ಯೆಯೆನಿಸುವುದು.