ಜಲ್ಲಿಯ ಹಾದಿಯಲ್ಲಿ ಬೈಸಿಕಲ್ಲು

ಪ್ರಶ್ನೆ: ನಾನು ಹಳ್ಳಿಯ ಶಾಲೆಯ ಉಪಾಧ್ಯಾಯ. ಜಲ್ಲಿರಸ್ತೆಯಲ್ಲಿ ಸೈಕಲ್ ತುಳಿದು ಕೈಗಳು ಜೋಮು ಹಿಡಿಯುತ್ತವೆ. ಇಳಿಜಾರಿನಲ್ಲಿ ಎರಡು ಸಲ ಬಿದ್ದೆ. ಏನು ಮಾಡಲಿ?

ಉತ್ತರ: ಮಾನ್ಯ ಉಪಾಧ್ಯಾಯರೇ, ತನ್ನ ಮಗನ ಮೂರುಗಾಲಿಯ ಸೈಕಲ್ಲು ಕುಲುಕುವುದನ್ನು ಕಂಡು ಗಾಳಿ ತುಂಬಿದ ಟೈರನ್ನು ರಚಿಸಿ 1888ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ ಪಶುವೈದ್ಯ ಡನ್‌ಲಪ್ಪನ ಕಾಲದಿಂದಲೂ, ಹಾದಿಯ ಆಘಾತವನ್ನು ನುಂಗತಕ್ಕದ್ದು ಗಾಳಿಯೇ ಹೊರತು ಸವಾರನ ಭುಜಗಳಲ್ಲ. ಆದುದರಿಂದ ಟೈರನ್ನು ಕಲ್ಲಿನಂತೆ ಬಿಗಿಯಾಗಿಸದೆ, ಹೆಬ್ಬೆರಳಿನಿಂದ ಒತ್ತಿದರೆ ಕಿಂಚಿತ್ತು ತಗ್ಗುವಷ್ಟು ಗಾಳಿಯನ್ನಿರಿಸಿರಿ. ಅತಿ ಕಡಮೆಯಾದರೆ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಟ್ಯೂಬು ಹರಿದೀತು.

ಒರಟು ನೆಲ ಬಂದೊಡನೆ ಪೆಡಲುಗಳೆರಡನ್ನೂ ಸಮಮಟ್ಟದಲ್ಲಿ ನಿಲ್ಲಿಸಿ, ಸೀಟಿನಿಂದ ತುಸು ಮೇಲೆದ್ದು, ಮೊಣಕಾಲು ಮೊಣಕೈಗಳನ್ನು ಸಡಿಲವಾಗಿ ಬಾಗಿಸಿ, ಪಳಗಿದ ರೈತನು ಎತ್ತಿನ ಹಗ್ಗವನ್ನು ಹಿಡಿವಂತೆ ಬಿಗಿಯದೆಯೂ ಬಿಡದೆಯೂ ಹ್ಯಾಂಡಲನ್ನು ಹಿಡಿಯಿರಿ. ದೃಷ್ಟಿ ಮುಂಗಾಲಿಯ ಬುಡದಲ್ಲಿರದೆ ಐದಾರು ಮಾರು ಮುಂದಿರಲಿ. ಸಡಿಲ ಜಲ್ಲಿಯ ತಿರುವಿನಲ್ಲಿ ಮುಂದಿನ ಬ್ರೇಕನ್ನು ಹಠಾತ್ತನೆ ಒತ್ತಿದರೆ ಪತನವು ಬಹುಮಟ್ಟಿಗೆ ನಿಶ್ಚಿತವಾದುದರಿಂದ, ವೇಗವನ್ನು ತಿರುವಿಗೆ ಮೊದಲೇ, ಹಿಂದಿನ ಬ್ರೇಕಿನಿಂದ, ಮೆಲ್ಲನೆ ತಗ್ಗಿಸಿರಿ.

ಮಳೆಗಾಲದಲ್ಲಿ ಗುಂಡಿಯ ಆಳ ತಿಳಿಯದೆಡೆ ಇಳಿದು ತಳ್ಳಿಕೊಂಡು ನಡೆಯಿರಿ, ಅದರಲ್ಲಿ ಅಗೌರವವಿಲ್ಲ. ಮಕ್ಕಳು ಕಾದಿರುವರು, ಕ್ಷೇಮವಾಗಿ ತಲುಪುವುದೇ ಮುಖ್ಯ.